ಎರಡಡಿ ಟ್ಯಾಂಕು, ಮೂರು ಫಿಲ್ಟರು, ಒಂದು ಲೀಟರ್ ಜಗ್ಗು

ಮನೆಯ ಮೀನಿನ ಟ್ಯಾಂಕಿನ ನೀರು ಸೋಸಲು ತಂದ ಹ್ಯಾಂಗ್ ಆನ್ ಫಿಲ್ಟರಿನ ಡಬ್ಬದ ಮೇಲೆ ‘ಗಂಟೆಗೆ 350 ಲೀಟರ್’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ನಿಜಾನಾ ನೋಡೋಣ ಅಂತ ಅಡುಗೆಮನೆಯಿಂದ ಒಂದು ಲೀಟರಿನ ಜಗ್ಗು ತಂದು ನೀರು ಬೀಳುವ ಜಾಗಕ್ಕೆ ಹಿಡಿದೆ. ಮಗಳು ಮೊಬೈಲಿನಲ್ಲಿ ಸೆಕೆಂಡು ಎಣಿಸಿದಳು. ಜಗ್ಗು ತುಂಬಲು 17 ಸೆಕೆಂಡು. ಅಂದರೆ ಗಂಟೆಗೆ ಸುಮಾರು 210 ಲೀಟರ್. ಮೂರು ವಾರ ತೊಳೆಯದೆ ಬಿಟ್ಟು ಮತ್ತೆ ಹಿಡಿದಾಗ 30 ಸೆಕೆಂಡು ಬೇಕಾಯಿತು. 120 ಲೀಟರಿಗೆ ಇಳಿದಿತ್ತು. ತಯಾರಿಸಿದವರು ಸುಳ್ಳು ಹೇಳಿದರು ಅಂತಲ್ಲ. ಒಳಗೆ ಸ್ಪಾಂಜು, ಹತ್ತಿ ಏನೂ ಇಲ್ಲದೆ ಬರೀ ಮೋಟರು ಎಷ್ಟು ನೀರು ತಳ್ಳುತ್ತದೆ ಅನ್ನುವ ಲೆಕ್ಕ ಅದು. ಆದರೆ ಅಂಗಡಿಯಲ್ಲಿ ನಾವು ಮೊದಲು ನೋಡುವುದು ಆ ಅಂಕಿಯನ್ನೇ ಅಲ್ವಾ? ನಾನೂ ಅದನ್ನು ನೋಡಿಯೇ ಕೊಂಡೆ. ಒಂದಲ್ಲ, ಎರಡು ಸಲ.

ನಮ್ಮದು ಮೈಸೂರು. ಟ್ಯಾಂಕು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಲೆಕ್ಕಕ್ಕೆ 56 ಲೀಟರ್. ಮೇಲಿನ ಖಾಲಿ ಜಾಗ, ಕೆಳಗಿನ ಕಲ್ಲು ಕಳೆದರೆ ನೀರು 45 ಲೀಟರಿಗಿಂತ ಜಾಸ್ತಿ ಇಲ್ಲ. ಅದರಲ್ಲಿ ಗಪ್ಪಿ ಮೀನುಗಳು, ನಾಲ್ಕು ಪ್ಲಾಟಿ ಮೀನು, ಗಿಡದ ಜೊತೆ ಕರೆಯದೇ ಬಂದ ಬಸವನಹುಳುಗಳು. ಇದೇ ಟ್ಯಾಂಕಿನಲ್ಲಿ ಐದು ತಿಂಗಳು ಪವರ್ ಫಿಲ್ಟರ್, ಸುಮಾರು ಒಂದು ವರ್ಷ ಹ್ಯಾಂಗ್ ಆನ್, ಆಮೇಲೆ ಎರಡು ವರ್ಷದಿಂದ ಸ್ಪಾಂಜ್ ಫಿಲ್ಟರ್ ಓಡಿಸಿದ್ದೇನೆ. ಹೋಲಿಕೆ ಅಂದರೆ ಇಷ್ಟೇ. ಪ್ರಯೋಗಾಲಯವೇನೂ ಅಲ್ಲ.

ಪವರ್ ಫಿಲ್ಟರ್ ಅಂದರೆ ನೀರಿನೊಳಗೆ ಗಾಜಿಗೆ ರಬ್ಬರ್ ಬಟ್ಟಲುಗಳಿಂದ ಅಂಟಿಕೊಳ್ಳುವ ಕಪ್ಪು ಉದ್ದನೆಯ ಡಬ್ಬ. ಮೇಲೆ ಮೋಟರು, ಕೆಳಗಿನ ಸೀಳುಗಂಡಿಗಳ ಹಿಂದೆ ಒಂದು ತುಂಡು ಸ್ಪಾಂಜು. ನಮ್ಮೂರಿನ ಅಂಗಡಿಗಳಲ್ಲಿ ಹೊಸ ಟ್ಯಾಂಕಿನ ಜೊತೆ ಕಣ್ಣು ಮುಚ್ಚಿಕೊಂಡು ಕೊಡುವುದು ಇದನ್ನೇ. ‘ಸಾರ್, ಇದು ಹಾಕ್ಬಿಡಿ, ಗಾಳೀನೂ ಬರುತ್ತೆ, ನೀರೂ ಕ್ಲೀನಾಗುತ್ತೆ’ ಅಂದರು. ಎರಡೂ ನಿಜವೇ. ಆದರೆ ನನ್ನದು ಗಂಟೆಗೆ 600 ಲೀಟರಿನದು. 45 ಲೀಟರ್ ನೀರಿಗೆ ಗಂಟೆಗೆ ನಾಲ್ಕೈದು ಪಟ್ಟು, ಅಂದರೆ 200 ಲೀಟರ್ ಸುತ್ತಮುತ್ತ ಹರಿದರೆ ಸಾಕು. ಇದು ಟ್ಯಾಂಕಿನೊಳಗೆ ಕಾವೇರಿ ಹೊಳೆಯನ್ನೇ ತಂದಿತ್ತು. ಗಂಡು ಗಪ್ಪಿಯ ಬಾಲ ಗೊತ್ತಲ್ಲ, ಬೀಸಣಿಗೆ ಥರ. ಸೆಳವಿಗೆ ಅದು ಹಾಯಿಯ ಹಾಗೆ ಬಿಚ್ಚಿಕೊಂಡು ಮೀನನ್ನೇ ಎಳೆದೊಯ್ಯುತ್ತಿತ್ತು. ಎಲ್ಲ ಮೀನುಗಳೂ ಎದುರು ಮೂಲೆಯ ಗಿಡದ ಹಿಂದೆ ಸೇರಿಕೊಂಡವು. ಒಂದು ಬೆಳಿಗ್ಗೆ ನೋಡಿದರೆ ಒಂದು ಗಪ್ಪಿ ಸೀಳುಗಂಡಿಗೆ ಅಂಟಿಕೊಂಡಿತ್ತು. ಗಟ್ಟಿಮುಟ್ಟಾದ ಮೀನು ಹಾಗೆ ಸಿಕ್ಕಿಕೊಳ್ಳುವುದಿಲ್ಲ. ಸುಸ್ತಾದದ್ದು ಸಿಕ್ಕಿಕೊಳ್ಳುತ್ತದೆ. ಸುಸ್ತು ಮಾಡಿಸಿದ್ದೂ ಅದೇ ಫಿಲ್ಟರ್ ಅನ್ನುವುದು ಬೇರೆ ಮಾತು.

ಅದಕ್ಕಿಂತ ದೊಡ್ಡ ತಪ್ಪು ನನ್ನದು. ಒಂದು ಭಾನುವಾರ ಅದರ ಸ್ಪಾಂಜು ತೆಗೆದು, ನಲ್ಲಿಯ ಕೆಳಗೆ ಹಿಡಿದು, ಪಾತ್ರೆ ಉಜ್ಜುವವರ ಹಾಗೆ ಹಿಂಡಿ ಹಿಂಡಿ ಹೊಚ್ಚ ಹೊಸದರಂತೆ ಮಾಡಿದೆ. ಹೆಮ್ಮೆಯಾಯಿತು. ಮೂರನೇ ದಿನ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಅಮೋನಿಯ ಪರೀಕ್ಷೆಯ ಹನಿ ಹಾಕಿದರೆ ಹಳದಿ ಇರಬೇಕಾದ ನೀರು ಹಸಿರಾಯಿತು. ಒಂದು ವಾರ ದಿನವೂ ಒಂದಷ್ಟು ನೀರು ಬದಲಿಸಿದರೂ ನಾಲ್ಕು ಗಪ್ಪಿ ಹೋದವು.

ಆಗಿದ್ದಿಷ್ಟು. ಮೀನು ಕಿವಿರಿನಿಂದ ಅಮೋನಿಯ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ. ಅಮೋನಿಯ ವಿಷ. ಬೋರ್‌ವೆಲ್ ನೀರಿನಂತೆ ಕ್ಷಾರ ಜಾಸ್ತಿ ಇದ್ದರೆ, ಬೇಸಿಗೆಯಲ್ಲಿ ನೀರು ಬಿಸಿಯಾದರೆ ಇನ್ನೂ ವಿಷ. ಸ್ಪಾಂಜಿನ ತೂತುಗಳಲ್ಲಿ, ಕಲ್ಲಿನ ಮೇಲೆ ಅಂಟಿಕೊಂಡು ಬದುಕುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಹೊಸ ಟ್ಯಾಂಕಿನಲ್ಲಿ ಇವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಲ್ಲಿ ನೀರಿಗೆ ಕ್ಲೋರಿನ್ ಹಾಕುವುದೇ ಬ್ಯಾಕ್ಟೀರಿಯಾ ಕೊಲ್ಲುವುದಕ್ಕೆ. ನಾನು ತೊಳೆದದ್ದು ಕೊಳೆಯನ್ನಲ್ಲ, ಫಿಲ್ಟರಿನ ಜೀವವನ್ನೇ. ಅಲ್ಲಿಯವರೆಗೆ ಫಿಲ್ಟರ್ ಅಂದರೆ ಟೀ ಸೋಸುವ ಜಾಲರಿಯ ಥರ ಅಂದುಕೊಂಡಿದ್ದೆ. ಕಸ ಹಿಡಿಯುವುದು ಅದರ ಅರ್ಧ ಕೆಲಸ. ಕಣ್ಣಿಗೆ ಕಾಣದ ಈ ಹುಳುಗಳಿಗೆ ಮನೆ ಕೊಡುವುದೇ ಮುಖ್ಯ ಕೆಲಸ.

ಇಷ್ಟು ತಿಳಿದ ಮೇಲೂ ನಾನು ಎರಡನೇ ಸಲ ಕೊಂಡದ್ದು ಡಬ್ಬದ ಮೇಲಿನ ಅಂಕಿ ನೋಡಿಯೇ, ಇರಲಿ. ಹ್ಯಾಂಗ್ ಆನ್ ಅಂದರೆ ಟ್ಯಾಂಕಿನ ಹಿಂದಿನ ಗಾಜಿಗೆ ನೇತುಹಾಕುವ ಡಬ್ಬ. ಕೊಳವೆಯಿಂದ ನೀರು ಮೇಲೆ ಎಳೆದು, ಸೋಸಿ, ಸಣ್ಣ ಜಲಪಾತದ ಹಾಗೆ ವಾಪಸ್ ಬಿಡುತ್ತದೆ. ನೀರು ತಿಳಿಯಾಗಿಸುವುದರಲ್ಲಿ ಇದನ್ನು ಮೀರಿಸಿದ್ದು ಈ ಮೂರರಲ್ಲಿ ಇಲ್ಲ. ನಾನು ಮೂರನ್ನೂ ಬೇರೆ ಬೇರೆ ಭಾನುವಾರ ಪರೀಕ್ಷೆ ಮಾಡಿದೆ. ಟ್ಯಾಂಕಿನ ಹಿಂದೆ ದಿನಪತ್ರಿಕೆಯ ಹಾಳೆ ಅಂಟಿಸಿ, ಕೈಯಿಂದ ಕಲ್ಲು ಕೆದಕಿ, ನೀರು ಬಗ್ಗಡವಾದ ಮೇಲೆ ತಲೆಬರಹ ಓದಲು ಎಷ್ಟು ಹೊತ್ತು ಬೇಕು ಅಂತ ಕಾದೆ. ಹ್ಯಾಂಗ್ ಆನ್‌ಗೆ 35 ನಿಮಿಷ. ಪವರ್ ಫಿಲ್ಟರಿಗೆ ಒಂದು ಗಂಟೆಯ ಮೇಲಾಯಿತು. ಸ್ಪಾಂಜಿನ ದಿನ ಕಾದು ಕಾದು ಊಟ ಮಾಡಿ ಮಲಗಿದೆ. ಬೆಳಿಗ್ಗೆ ಎದ್ದಾಗ ಓದಬಹುದಾಗಿತ್ತು. ಅಷ್ಟರಲ್ಲಿ ಪತ್ರಿಕೆಯೂ ಹಳೆಯದಾಗಿತ್ತು.

ಹ್ಯಾಂಗ್ ಆನ್‌ನ ತೊಂದರೆಗಳು ನೀರಿನೊಳಗಲ್ಲ, ಹೊರಗೆ. ಮೊದಲನೆಯದು ಟ್ಯಾಂಕಿನ ಮೇಲ್ಮುಚ್ಚಳ. ನಮ್ಮಲ್ಲಿ ಸಿಗುವ ಟ್ಯಾಂಕುಗಳಿಗೆ ಲೈಟು ಸೇರಿಸಿದ ಪ್ಲಾಸ್ಟಿಕ್ ಟಾಪ್ ಬರುತ್ತದಲ್ಲ, ಅದು ಗಾಜಿನ ಅಂಚನ್ನು ಸುತ್ತಲೂ ಮುಚ್ಚಿಬಿಡುತ್ತದೆ. ಫಿಲ್ಟರ್ ನೇತುಹಾಕಲು ಜಾಗವೇ ಇಲ್ಲ. ನಾನು ಗರಗಸದ ಬ್ಲೇಡಿನಿಂದ ಹಿಂಭಾಗ ಕತ್ತರಿಸಿದೆ. ಕತ್ತರಿಸಿದ್ದು ಸ್ವಲ್ಪ ಜಾಸ್ತಿಯಾಗಿ, ಆ ಸಂದಿಯಿಂದ ಒಂದು ಪ್ಲಾಟಿ ಹಾರಿ ಶೋಕೇಸಿನ ಹಿಂದೆ ಬಿದ್ದಿತ್ತು. ಗೋಡೆಗೂ ಟ್ಯಾಂಕಿಗೂ ನಾಲ್ಕು ಬೆರಳಿಗಿಂತ ಜಾಸ್ತಿ ಜಾಗ ಬೇರೆ ಬಿಡಬೇಕು. ಕೊಳ್ಳುವ ಮುಂಚೆ ಇದೆಲ್ಲ ಯಾರಿಗೆ ಹೊಳೆಯುತ್ತೆ?

ಎರಡನೆಯದು ಮರಿಗಳು. ಗಪ್ಪಿ ತಿಂಗಳಿಗೊಮ್ಮೆ ಮರಿ ಹಾಕುತ್ತದೆ. ಒಂದು ದಿನ ತೊಳೆಯಲೆಂದು ಡಬ್ಬದ ಮುಚ್ಚಳ ತೆಗೆದರೆ ಒಳಗೆ ಮೂರು ಮರಿಗಳು ಹಾಯಾಗಿ ಈಜುತ್ತಿದ್ದವು. ಕೊಳವೆಯಲ್ಲಿ ಏರಿ, ಮೋಟರಿನ ಚಕ್ರ ದಾಟಿ ಅಲ್ಲಿಗೆ ಸೇರಿದ್ದವು. ಎಷ್ಟು ಮರಿ ದಾಟಲಿಲ್ಲವೋ ಲೆಕ್ಕ ಸಿಗಲಿಲ್ಲ. ಕೊಳವೆಯ ಬಾಯಿಗೆ ಒಂದು ತುಂಡು ಸ್ಪಾಂಜು ತೊಡಿಸಿದ ಮೇಲೆ ಅದು ನಿಂತಿತು. ಅದರ ಜೊತೆ ಕೊಡುವ ಕಾರ್ಟ್ರಿಜ್ ಬಗ್ಗೆಯೂ ಒಂದು ಮಾತು. ಹತ್ತಿಯೊಳಗೆ ಇದ್ದಿಲು ತುಂಬಿದ ಚಿಕ್ಕ ಚೀಲ ಅದು. ತಿಂಗಳಿಗೊಮ್ಮೆ ಬದಲಿಸಿ ಅನ್ನುತ್ತಾರೆ. ಬದಲಿಸಿದರೆ ಬ್ಯಾಕ್ಟೀರಿಯಾಗಳನ್ನೂ ಕಸದ ಬುಟ್ಟಿಗೆ ಹಾಕಿದಂತೆಯೇ. ಆ ಜಾಗಕ್ಕೆ ಸ್ಪಾಂಜು ತುಂಡು, ಒಂದು ಹಿಡಿ ಸೆರಾಮಿಕ್ ಉಂಗುರ ತುಂಬಿ. ಪದೇ ಪದೇ ಕೊಳ್ಳುವ ಖರ್ಚೂ ಇಲ್ಲ.

ಇನ್ನು ಸ್ಪಾಂಜ್ ಫಿಲ್ಟರ್. ನೋಡಲು ಏನೇನೂ ಚಂದವಿಲ್ಲ. ಒಂದು ಕಪ್ಪು ಸ್ಪಾಂಜು, ನಡುವೆ ಒಂದು ಕೊಳವೆ, ಅದಕ್ಕೆ ಏರ್ ಪಂಪಿನಿಂದ ಗಾಳಿ. ಗುಳ್ಳೆಗಳು ಕೊಳವೆಯಲ್ಲಿ ಏರುವಾಗ ನೀರನ್ನೂ ಎತ್ತುತ್ತವೆ. ಆ ಜಾಗ ತುಂಬಲು ಸುತ್ತಲಿನ ನೀರು ಸ್ಪಾಂಜಿನ ಮೂಲಕ ಒಳಗೆ ಬರುತ್ತದೆ. ನೀರೊಳಗೆ ಮೋಟರಿಲ್ಲ, ಚಕ್ರವಿಲ್ಲ, ಸಿಕ್ಕಿಕೊಳ್ಳಲು ಏನೂ ಇಲ್ಲ. ಮರಿಗಳು ಸ್ಪಾಂಜಿನ ಮೇಲೆಯೇ ಕೂತು ಅಂಟಿದ ಪಾಚಿ, ಪುಡಿ ಮೇಯುತ್ತವೆ. ಕೊಳವೆಯೊಳಗೆ ಒಂದು ಚಿಕ್ಕ ಏರ್ ಸ್ಟೋನ್ ಇಳಿಬಿಟ್ಟರೆ ಗುಳ್ಳೆ ಸಣ್ಣದಾಗಿ, ಗುಳುಗುಳು ಸದ್ದೂ ಕಡಿಮೆಯಾಗುತ್ತದೆ.

ಸದ್ದು ಅಂದೆ. ಸ್ಪಾಂಜಿನ ನಿಜವಾದ ಸಮಸ್ಯೆ ಅದು, ಪಂಪಿನದು. ಮೊದಲ ರಾತ್ರಿಯೇ ಅಮ್ಮ ಎದ್ದು ಬಂದು, ‘ಏನೋ ಇದು, ಹಿಟ್ಟಿನ ಗಿರಣಿ ಪಕ್ಕ ಮಲಗಿದ ಹಾಗಿದೆ’ ಅಂದರು. ಶೋಕೇಸಿನ ಪೊಳ್ಳು ಹಲಗೆಯ ಮೇಲೆ ಇಟ್ಟಿದ್ದೇ ತಪ್ಪಾಗಿತ್ತು. ಹಲಗೆಯೇ ತಂಬೂರಿಯ ಬುರುಡೆಯ ಹಾಗೆ ಗುಂಯ್‌ಗುಡುತ್ತಿತ್ತು. ಮಡಚಿದ ಹಳೆಯ ಟವೆಲ್ ಇಟ್ಟೆ, ಅರ್ಧ ಕಡಿಮೆಯಾಯಿತು. ಗೋಡೆಯ ಮೊಳೆಗೆ ದಾರ ಕಟ್ಟಿ ನೇತುಹಾಕಿದೆ, ಬಹುತೇಕ ಅಡಗಿತು. ಹೀಗೆ ನೀರಿನ ಮಟ್ಟಕ್ಕಿಂತ ಮೇಲೆ ನೇತುಹಾಕುವುದರಲ್ಲಿ ಇನ್ನೊಂದು ಲಾಭವಿದೆ. ಕರೆಂಟು ಹೋದಾಗ ನೀರು ಪೈಪಿನಲ್ಲಿ ಹಿಂದಕ್ಕೆ ಹರಿದು ಪಂಪಿಗೆ ನುಗ್ಗುವುದಿಲ್ಲ. ಕೆಳಗೇ ಇಡಬೇಕಾದರೆ ಪೈಪಿನ ನಡುವೆ ಒಂದು ನಾನ್ ರಿಟರ್ನ್ ವಾಲ್ವ್ ಹಾಕಿ. ಹತ್ತಿಪ್ಪತ್ತು ರೂಪಾಯಿಯ ವಸ್ತು, ಪಂಪನ್ನೂ ನೆಲವನ್ನೂ ಉಳಿಸುತ್ತದೆ.

ಕರೆಂಟಿನ ಮಾತು ಬಂತಲ್ಲ, ಮೂರರ ಬಂಡವಾಳವೂ ಬಯಲಾದದ್ದು ಅಲ್ಲೇ. ‘ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ವ್ಯತ್ಯಯ’ ಅಂತ ಪತ್ರಿಕೆಯಲ್ಲಿ ಬರುತ್ತದಲ್ಲ, ಅಂಥ ದಿನಗಳು. ಪವರ್ ಫಿಲ್ಟರಿನ ಮುಚ್ಚಿದ ಡಬ್ಬದಲ್ಲಿ ನೀರು ನಿಂತು, ಆಮ್ಲಜನಕ ಮುಗಿದು, ಬ್ಯಾಕ್ಟೀರಿಯಾಗಳು ಉಸಿರುಗಟ್ಟುತ್ತವೆ. ಸಂಜೆ ಕರೆಂಟು ಬಂದಾಗ ಆ ನಾರುವ ನೀರೇ ಮೊದಲು ಟ್ಯಾಂಕಿಗೆ ಬೀಳುತ್ತದೆ. ಹ್ಯಾಂಗ್ ಆನ್‌ನದು ಇನ್ನೊಂದು ಕಥೆ. ನನ್ನದರಲ್ಲಿ ಮೋಟರು ಇದ್ದದ್ದು ಮೇಲಿನ ಡಬ್ಬದ ತಳದಲ್ಲಿ. ಬೇಸಿಗೆಯಲ್ಲಿ ನೀರು ಆವಿಯಾಗಿ ಎರಡು ಬೆರಳು ಇಳಿದಿತ್ತು. ಕರೆಂಟು ಬಂತು, ಮೋಟರು ಕಟಕಟ ಅಂತ ಒಣಗೇ ತಿರುಗಿತು, ನೀರು ಏರಲಿಲ್ಲ. ಆಫೀಸಿನಿಂದ ಬಂದು ಡಬ್ಬಕ್ಕೆ ಒಂದು ಲೋಟ ನೀರು ಸುರಿದ ಮೇಲೆ ಸರಿಹೋಯಿತು. ಮೋಟರು ಕೊಳವೆಯ ತುದಿಯಲ್ಲಿ, ನೀರೊಳಗೆ ಮುಳುಗಿರುವ ಬಗೆಯೂ ಸಿಗುತ್ತದೆ. ಅದಕ್ಕೆ ಈ ರಗಳೆ ಇಲ್ಲ. ಹ್ಯಾಂಗ್ ಆನ್ ಕೊಳ್ಳುವುದಾದರೆ ಗಂಟೆಗೆ ಎಷ್ಟು ಲೀಟರ್ ಅಂತ ಕೇಳುವ ಮುಂಚೆ ಮೋಟರು ಎಲ್ಲಿದೆ ಅಂತ ಕೇಳಿ.

ಸ್ಪಾಂಜಿಗೆ ಕರೆಂಟು ಹೋದರೂ ಅಷ್ಟು ಕಷ್ಟವಿಲ್ಲ. ತೆರೆದ ನೀರಿನಲ್ಲೇ ಇರುತ್ತದಲ್ಲ. ಮೇಲಾಗಿ ಯುಎಸ್‌ಬಿ ಏರ್ ಪಂಪು ಅಂತ ಸಿಗುತ್ತದೆ, ಒಂದು ವಾಟ್ ಆಸುಪಾಸಿನದು. 10,000 ಎಂಎಎಚ್‌ನ ಪವರ್ ಬ್ಯಾಂಕಿಗೆ ಸಿಕ್ಕಿಸಿದರೆ ಇಡೀ ಹಗಲು ಆರಾಮವಾಗಿ ಓಡುತ್ತದೆ. ಒಂದು ಎಚ್ಚರಿಕೆ: ಕೆಲವು ಪವರ್ ಬ್ಯಾಂಕುಗಳು ಇಷ್ಟು ಕಡಿಮೆ ಕರೆಂಟು ಎಳೆದರೆ ಫೋನು ಚಾರ್ಜ್ ಆಯಿತು ಅಂದುಕೊಂಡು ತಾವೇ ಆಫ್ ಆಗುತ್ತವೆ. ಮೊದಲೇ ಒಂದು ಗಂಟೆ ಹಾಕಿ ನೋಡಿಕೊಳ್ಳಿ.

ಖರ್ಚಿನ ವಿಷಯ ಬೇಗ ಮುಗಿಸುತ್ತೇನೆ. ನನ್ನ ಪವರ್ ಫಿಲ್ಟರ್ 12 ವಾಟಿನದು. ಹಗಲೂ ರಾತ್ರಿ ಓಡಿದರೆ ತಿಂಗಳಿಗೆ ಎಂಟೂವರೆ ಯೂನಿಟ್ ಮೇಲೆ. ಹ್ಯಾಂಗ್ ಆನ್ 5 ವಾಟ್, 3.6 ಯೂನಿಟ್. ಏರ್ ಪಂಪು 3 ವಾಟ್, ಎರಡು ಯೂನಿಟ್ ಚಿಲ್ಲರೆ. ಇದೆಂಥ ಲೆಕ್ಕ ಅಂತ ನಗಬೇಡಿ. ಗೃಹಜ್ಯೋತಿಯಲ್ಲಿ ನಮಗೆ ಸಿಗುವ ಉಚಿತ ಕರೆಂಟು 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇ. 10 ಅಷ್ಟೇ. ಮೀನು ಬಂದದ್ದು ಅದಾದ ಮೇಲೆ. ಆ ಹತ್ತು ಪರ್ಸೆಂಟಿನೊಳಗೇ ಮೀನೂ ಬದುಕಬೇಕು, ಮಿಕ್ಸಿಯೂ ತಿರುಗಬೇಕು.

ಕಲ್ಲಿನ ಕೆಳಗೆ ಪ್ಲಾಸ್ಟಿಕ್ ತಟ್ಟೆ ಹಾಸುವ ಅಂಡರ್ ಗ್ರಾವೆಲ್ ಫಿಲ್ಟರ್ ಈಗಲೂ ಸಿಗುತ್ತದೆ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಅದೇ ಇತ್ತು. ತಟ್ಟೆಯ ಕೆಳಗೆ ಸೇರಿದ ಕೆಸರು ತೆಗೆಯಲು ಇಡೀ ಟ್ಯಾಂಕು ಬರಿದು ಮಾಡಬೇಕಿತ್ತು. ಬೇಡ.

ಗಪ್ಪಿ, ಬೆಟ್ಟಾ, ಸೀಗಡಿ ಸಾಕುವವರಿಗೆ ಕಣ್ಣು ಮುಚ್ಚಿ ಸ್ಪಾಂಜು ಅನ್ನುತ್ತೇನೆ. ಅದರಲ್ಲೂ ಬೆಟ್ಟಾ ಮೇಲೆ ಬಂದು ಗಾಳಿ ಕುಡಿಯುವ ಮೀನು, ಸೆಳವು ಅದಕ್ಕೆ ಆಗದು. ಗಾಳಿಯ ಪೈಪಿಗೆ ಹಾಕುವ ಕಂಟ್ರೋಲ್ ವಾಲ್ವ್ ತಿರುಗಿಸಿ ಗಾಳಿ ಇನ್ನೂ ಕಡಿಮೆ ಮಾಡಿ. ಗಿಡ ಜಾಸ್ತಿ ಇದ್ದು, ನೀರು ಗಾಜಿನ ಹಾಗೆ ಹೊಳೆಯಲೇಬೇಕು ಅನ್ನುವವರಿಗೆ ಹ್ಯಾಂಗ್ ಆನ್. ಮೂರಡಿಯ ಟ್ಯಾಂಕು, ಚುರುಕಾಗಿ ಓಡಾಡುವ ಬಾರ್ಬ್ ಮೀನುಗಳಿದ್ದರೆ ಪವರ್ ಫಿಲ್ಟರಿಗೂ ನನ್ನ ತಕರಾರಿಲ್ಲ. ಗೋಲ್ಡ್ ಫಿಶ್‌ಗೆ ಯಾವುದು ಅಂತ ಕೇಳಿದರೆ, ಎರಡಡಿ ಟ್ಯಾಂಕಿನಲ್ಲಿ ಅದನ್ನು ಸಾಕಬೇಡಿ. ಅದು ಗೇಣುದ್ದ ಬೆಳೆಯುವ ಮೀನು, ಗಲೀಜೂ ಅಷ್ಟೇ ಮಾಡುತ್ತದೆ.

ಒಂದು ಫಿಲ್ಟರಿನಿಂದ ಇನ್ನೊಂದಕ್ಕೆ ಬದಲಿಸುವಾಗ ಹಳೆಯದನ್ನು ತಕ್ಷಣ ಕೀಳಬೇಡಿ. ನಾನು ಹ್ಯಾಂಗ್ ಆನ್ ಮತ್ತು ಸ್ಪಾಂಜನ್ನು ಆರು ವಾರ ಒಟ್ಟಿಗೆ ಓಡಿಸಿದೆ. ಹಳೆಯದರ ಕೊಳೆಯನ್ನು ಹೊಸ ಸ್ಪಾಂಜಿನ ಮೇಲೆಯೇ ಹಿಂಡಿದೆ. ಎರಡು ದಿನ ಟ್ಯಾಂಕು ನೋಡಲು ಅಸಹ್ಯವಾಗಿತ್ತು. ಆದರೆ ಈ ಸಲ ಒಂದು ಮೀನೂ ಸಾಯಲಿಲ್ಲ, ಅಮೋನಿಯ ಹನಿ ಹಳದಿಯಾಗಿಯೇ ಉಳಿಯಿತು.

ಈಗ ದಿನವಿಡೀ ಓಡುವುದು ಸ್ಪಾಂಜು. ಕಲ್ಲು ಕೆದಕಿ ತೊಳೆಯುವ ಭಾನುವಾರ ಮಾತ್ರ ಹ್ಯಾಂಗ್ ಆನ್‌ಗೆ ಹೊಸ ಹತ್ತಿ ತುಂಬಿ ಎರಡು ಗಂಟೆ ಓಡಿಸಿ, ಒಣಗಿಸಿ ಎತ್ತಿಡುತ್ತೇನೆ. ಸ್ಪಾಂಜು ತೊಳೆಯುವುದು ಮೂರು ವಾರಕ್ಕೊಮ್ಮೆ, ಟ್ಯಾಂಕಿನಿಂದಲೇ ತೆಗೆದ ಅರ್ಧ ಬಕೆಟ್ ನೀರಿನಲ್ಲಿ. ಮೂರು ಸಲ ಹಿಂಡಿದರೆ ಸಾಕು. ನೀರು ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಅಮ್ಮನಿಗೆ ಈಗಲೂ ಆ ಕಪ್ಪು ಸ್ಪಾಂಜು ಕಂಡರೆ ಆಗದು, ಅದಕ್ಕೇ ಗಿಡದ ಹಿಂದೆ ಸರಿಸಿಟ್ಟಿದ್ದೇನೆ. ಬಕೆಟ್ಟಿನ ನೀರನ್ನು ಮಾತ್ರ ಮೋರಿಗೆ ಚೆಲ್ಲಲು ಬಿಡುವುದಿಲ್ಲ. ಅವರ ಕರಿಬೇವಿನ ಗಿಡಕ್ಕೆ ಬೇಕು.