ಯಕ್ಷಗಾನ ಸಂಘಕ್ಕೆ ಊರವರ ವಂತಿಗೆಯೋ, ಕಂಪನಿಯ ನೆರವೋ?

ಕಾಸರಗೋಡು ಜಿಲ್ಲೆಯ ಕುಂಬಳೆ, ಮಂಜೇಶ್ವರ, ಬದಿಯಡ್ಕದ ಕಡೆ ಹೊಸದಾಗಿ ಯಕ್ಷಗಾನ ಸಂಘ ಕಟ್ಟುವವರು ಮೊದಲು ತೀರ್ಮಾನಿಸಬೇಕಾದದ್ದು ಹಣದ ಮೂಲವನ್ನು. ಊರವರ ವಂತಿಗೆ ಬೇಗ ಕೈಸೇರುತ್ತದೆ, ಪ್ರಸಂಗದ ಆಯ್ಕೆಯೂ ಸಂಘದವರಲ್ಲೇ ಉಳಿಯುತ್ತದೆ. ಆದರೆ ಒಂದು ರಾತ್ರಿಯ ಆಟಕ್ಕೆ ಧಾರಾಳವಾಗಿ ಕೊಡುವವರು ಮಕ್ಕಳ ನಾಟ್ಯ ತರಗತಿಗೆ ಅಷ್ಟೇ ಉತ್ಸಾಹದಿಂದ ಕೊಡುವುದು ಅಪರೂಪ. ಸಂಘಕ್ಕೆ ಆದಾಯ ತೆರಿಗೆ ಇಲಾಖೆಯ ದಾನ ಮಾನ್ಯತೆ (1961ರ ಕಾಯ್ದೆಯಲ್ಲಿ 80ಜಿ) ಇದ್ದರೆ ದಾನಿಗಳಿಗೆ ತೆರಿಗೆ ರಿಯಾಯಿತಿ ದೊರೆಯುತ್ತದೆಯಾದರೂ 2,000 ರೂಪಾಯಿ ಮೀರಿದ ನಗದು ದಾನಕ್ಕಾಗಲಿ, ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗಾಗಲಿ ಅದು ಅನ್ವಯಿಸುವುದಿಲ್ಲ.

ಕಂಪನಿಗಳ ದಾರಿ ಬೇರೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ, ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ರಷ್ಟನ್ನಾದರೂ ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕು, ಸಾಂಪ್ರದಾಯಿಕ ಕಲೆಗಳ ಪೋಷಣೆಯೂ ಅದರಲ್ಲಿ ಸೇರಿದೆ. ಆದರೆ ಸ್ವತಂತ್ರ ಸಂಸ್ಥೆಗೆ ತೆರಿಗೆ ನೋಂದಣಿಗಳ ಜೊತೆಗೆ ಮೂರು ವರ್ಷಗಳ ಕೆಲಸದ ದಾಖಲೆಯೂ ಬೇಕಾಗುವುದರಿಂದ ಹೊಸ ಸಂಘಕ್ಕೆ ಈ ನೆರವು ಕೂಡಲೇ ಸಿಗದು.

ಆದ್ದರಿಂದ ವಂತಿಗೆಯಿಂದಲೇ ಆರಂಭಿಸಿ, ಮೊದಲ ವರ್ಷದಿಂದಲೇ ಲೆಕ್ಕ ಪರಿಶೋಧನೆ ಮಾಡಿಸುವುದು ಸರಿಯೆಂದು ನನ್ನ ದೃಢವಾದ ಅಭಿಪ್ರಾಯ. ಭಾಗವತರು, ಚೆಂಡೆ-ಮದ್ದಳೆಯವರು, ವೇಷಭೂಷಣದವರು, ಧ್ವನಿ-ಬೆಳಕಿನವರಿಗೆ ಸಂದ ಮೊತ್ತವನ್ನು ಬೇರೆಬೇರೆಯಾಗಿ ತೋರಿಸಿದರೆ, ಒಂದು ಆಟ ಎಷ್ಟು ಮನೆಗಳ ದುಡಿಮೆಗೆ ಆಧಾರವೆಂಬುದು ಮುಂದೆ ಅರ್ಜಿ ಓದುವ ಕಂಪನಿಗೂ ಸ್ಪಷ್ಟವಾಗುತ್ತದೆ.