ಆರು ನಿಮಿಷದ ವಿಡಿಯೋ, ಎರಡು ವಾರದ ಚರ್ಚೆ: ಯೂಟ್ಯೂಬ್ ಬಳಸಿದ ಒಬ್ಬ ಮಾಷ್ಟ್ರ ಅನುಭವ

ಕಾಸರಗೋಡಿನ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. 2020ರ ಜೂನ್‌ನಲ್ಲಿ, ಕೊರೋನಾಕ್ಕೆ ಶಾಲೆ ಮುಚ್ಚಿದ್ದಾಗ, ಕೇರಳ ಸರಕಾರದ ಶಿಕ್ಷಣ ಟಿವಿ ವಿಕ್ಟರ್ಸ್ ಚಾನೆಲ್‌ನಲ್ಲಿ ಫಸ್ಟ್ ಬೆಲ್ ಎಂಬ ಪಾಠಗಳು ಶುರುವಾದವಲ್ಲ, ಆಗಲೇ ನಾನೂ ಯೂಟ್ಯೂಬ್‌ನಲ್ಲಿ ಒಂದು ಚಾನೆಲ್ ತೆರೆದೆ. ಶಾಲೆ ತೆರೆದ ಮೇಲೂ ಬಿಡಲಿಲ್ಲ.

ಮೊದಲು ನನ್ನ ದಡ್ಡತನ ಹೇಳಿಬಿಡುತ್ತೇನೆ. ವಿಡಿಯೋ ಹಾಕುವಾಗ ಇದು ಮಕ್ಕಳಿಗಾಗಿ ಮಾಡಿದ್ದೇ ಎಂದು ಕೇಳುತ್ತದೆ. ಹತ್ತನೇ ಕ್ಲಾಸಿನವರೂ ಮಕ್ಕಳೇ ಅಲ್ವಾ ಎಂದುಕೊಂಡು ಹೌದು ಒತ್ತಿದೆ. ಅಲ್ಲಿ ಮಕ್ಕಳು ಎಂದರೆ ಚಿಕ್ಕವರು. ಹೌದು ಎಂದರೆ ಕಾಮೆಂಟೇ ಬಂದ್. ಎರಡು ತಿಂಗಳು ಒಬ್ಬರೂ ಮಾತಾಡಲಿಲ್ಲ, ನಾನು ಸುಮ್ನೆ ಬೇಜಾರು ಮಾಡಿಕೊಂಡಿದ್ದೆ.

ಅದನ್ನು ಸರಿಮಾಡಿದ ಮೇಲೆ ಹಾಕಿದ್ದು ನೆರಳಿನ ವಿಡಿಯೋ. ಏಪ್ರಿಲ್ 23ರ ಸುಮಾರಿಗೆ ನಮ್ಮೂರಲ್ಲಿ ಸೂರ್ಯ ಸರೀ ನೆತ್ತಿಗೆ ಬರುತ್ತಾನೆ. ಅಂಗಳದಲ್ಲಿ ಪೈಪಿನ ತುಂಡು ನಿಲ್ಲಿಸಿ, ಪಕ್ಕದಲ್ಲಿ ವಾಚಿಟ್ಟು ವಿಡಿಯೋ ತೆಗೆದೆ. "12 ಗಂಟೆಗೆ ನೆರಳು ಮಾಯ" ಎಂದು ಜೋರಾಗಿ ಹೇಳಿಯೂ ಬಿಟ್ಟೆ. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕೆಳಗೆ ಬರೆದಳು: "ಸಾರ್, ವಾಚು ನೋಡಿ, 12:28 ಆಗಿದೆ."

ಅಲ್ಲಿಂದ ಶುರುವಾಯಿತು. ಬೆಂಗಳೂರಿನ ಒಬ್ಬರು ತಮ್ಮಲ್ಲಿ 12:18ಕ್ಕೇ ಆಯಿತು ಎಂದರು. ಹಾಗಾದರೆ ಪೂರ್ವಕ್ಕೆ ಹೋದಷ್ಟೂ ಬೇಗ ಎಂದು ಹುಡುಗರೇ ಅಟ್ಲಾಸ್ ತೆಗೆದರು. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಕಾಸರಗೋಡು ಇರುವುದು 75ರ ಹತ್ತಿರ. ಡಿಗ್ರಿಗೆ 4 ನಿಮಿಷದಂತೆ 30 ನಿಮಿಷ ತಡ. ಮತ್ತೆ 28 ಯಾಕೆ? ಆ ಎರಡು ನಿಮಿಷಕ್ಕೆ ವಾರಪೂರ್ತಿ ಜಗಳ! ಭೂಮಿಯ ಓರೆ ಅಕ್ಷ, ಪೂರ್ತಿ ದುಂಡಗಿಲ್ಲದ ಅದರ ದಾರಿ ಎಲ್ಲ ಅಲ್ಲೇ ಬಂತು. ಕ್ಲಾಸಿನ 40 ನಿಮಿಷದಲ್ಲಿ ಇದು ಆಗದ ಮಾತು.

ಹಾಕಿದ ವಿಡಿಯೋದ ಜಾಗಕ್ಕೆ ತಿದ್ದಿದ್ದನ್ನು ಕೂರಿಸಲು ಬರುವುದಿಲ್ಲ. ಹಾಗಾಗಿ ಆ ಹುಡುಗಿಯ ಕಾಮೆಂಟನ್ನೇ ಮೇಲೆ ಪಿನ್ ಮಾಡಿದ್ದೇನೆ. ಈಗಲೂ ಇದೆ.

ನಮ್ಮ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆಯುವ ಸುರಂಗದ ಬಗ್ಗೆ ಹಾಕಿದ ವಿಡಿಯೋಗೆ ಒಬ್ಬ ಅಜ್ಜ ಮೊಮ್ಮಗನ ಕೈಯಲ್ಲಿ ತುಳುವಿನಲ್ಲಿ ಬರೆಸಿದ್ದರು. ಮುರಕಲ್ಲು ಕೊರೆಯುತ್ತ ಒಳಗೆ ಹೋದಾಗ ದೀಪ ನಂದಿದರೆ ಓಡಿ ಹೊರಗೆ ಬರುತ್ತಿದ್ದರಂತೆ. ಮರುದಿನ ದಹನಕ್ರಿಯೆಯ ಪಾಠ ಅದರಿಂದಲೇ ಶುರು ಮಾಡಿದೆ.

ಜನ ಎಲ್ಲಿ ಎದ್ದುಹೋಗುತ್ತಾರೆ ಎಂದು ತೋರಿಸುವ ಗ್ರಾಫ್ ಮಾತ್ರ ನಿರ್ದಯಿ. ನನ್ನ "ಎಲ್ಲರಿಗೂ ನಮಸ್ಕಾರ"ಕ್ಕೇ ಅರ್ಧ ಜನ ಖಾಲಿ. ಈಗ ನಮಸ್ಕಾರ ಕೊನೆಗೆ. ಲೈವ್ ನನಗೆ ಆಗಿಬರಲಿಲ್ಲ; ಆಟಿ ತಿಂಗಳ ಜೋರು ಮಳೆಗೆ ತಗಡಿನ ಮಾಡಿನ ಕೆಳಗೆ ನನ್ನ ದನಿ ನನಗೇ ಕೇಳುವುದಿಲ್ಲ. ಕೊಂಡಿ ಇರುವ ಕಾಮೆಂಟು ಮೊದಲು ನನ್ನ ಕಣ್ಣಿಗೆ ಬೀಳುವ ಹಾಗೆ ಸೆಟ್ಟಿಂಗ್ ಇಡಿ, ಇಲ್ಲದಿದ್ದರೆ ಕಸ ಜಾಸ್ತಿ.

ಯೂಟ್ಯೂಬಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಆಗಸ್ಟ್ 19ರ ಸುಮಾರಿಗೆ ನೆರಳು ಮತ್ತೆ ಮಾಯವಾಗುತ್ತದೆ, ಆಗ 12:33ರ ಹೊತ್ತಿಗೆ. ಅದನ್ನೂ ವಿಡಿಯೋ ತೆಗೆಯಿರಿ ಎಂದು ಹುಡುಗರ ಕಾಟ. ಮೋಡ ಇನ್ನೂ ಒಂದು ವರ್ಷವೂ ಬಿಟ್ಟಿಲ್ಲ.