ಗೈರಾದವರನ್ನೂ ಕೈಬಿಡದ ಚಿಕಿತ್ಸಾ ಕೇಂದ್ರ

ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲೇ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದ, ಹೆರಾಯಿನ್‌ನಂಥ ಮಾದಕವಸ್ತುಗಳ ಚಟದ ಚಿಕಿತ್ಸೆಗೆ ಕೊಡುವ ಬ್ಯುಪ್ರೆನಾರ್ಫಿನ್ ಔಷಧಿಯನ್ನು ನನ್ನ ತಮ್ಮ ಈ ಕೇಂದ್ರದಲ್ಲಿ ಪಡೆಯುತ್ತಿದ್ದಾನೆ. ಅವನು ಗೈರಾದಾಗ ದಾದಿಯೊಬ್ಬರು ಫೋನ್ ಮಾಡಿ, ಗದರದೆ, “ನಾಳೆ ಬೆಳಿಗ್ಗೆ ಬನ್ನಿ, ಕಾಯುತ್ತಿರುತ್ತೇವೆ” ಎಂದರು. ಮೂತ್ರ ಪರೀಕ್ಷೆಯಲ್ಲಿ ಹೆರಾಯಿನ್ ಸೇವನೆ ಪತ್ತೆಯಾದರೂ ವೈದ್ಯರು ಹೆಸರು ಹೊಡೆದುಹಾಕದೆ, ಔಷಧಿಯ ಪ್ರಮಾಣ ಸಾಲುತ್ತಿದೆಯೇ ಎಂದು ವಿಚಾರಿಸುತ್ತಾರೆ; ಇದೇ ಸರಿಯಾದ ಕ್ರಮ, ಏಕೆಂದರೆ ಚಿಕಿತ್ಸೆ ನಿಂತ ಮೊದಲ ವಾರಗಳಲ್ಲಿ ದೇಹದ ಸಹಿಷ್ಣುತೆ ಕುಗ್ಗಿರುವುದರಿಂದ, ಹಿಂದೆ ಸೇವಿಸುತ್ತಿದ್ದಷ್ಟೇ ಮಾದಕವಸ್ತು ಪ್ರಾಣ ತೆಗೆಯಬಲ್ಲದು. ಮಾತ್ರೆಯನ್ನು ನುಂಗದೆ, ನಾಲಿಗೆಯಡಿ ಪೂರ್ತಿ ಕರಗಲು ಬಿಡಬೇಕೆಂಬುದನ್ನು ಹೊಸಬರಿಗೆ ತಾಳ್ಮೆಯಿಂದ ಹೇಳಿಕೊಡುತ್ತಾರೆ. ಕೊರತೆಯೆಂದರೆ, ಔಷಧಿ ವಿತರಣೆಯ ಸಮಯ ಬೆಳಗಿನ ಪಾಳಿಯ ಕೆಲಸಗಾರರಿಗೆ ಹೊಂದುವುದಿಲ್ಲ. ಸ್ಥಿರಗೊಂಡವರಿಗಾದರೂ ಹೆಚ್ಚು ದಿನಗಳ ಮಾತ್ರೆಗಳನ್ನು ಮನೆಗೆ ಕೊಡಬೇಕೆಂದು ಕಳಕಳಿಯಿಂದ ಕೋರುತ್ತೇನೆ.